ಬಲಗಡೆಯ ಹೆಗಲು

ಕ್ರೆಮೋನಾದ ಆ ಗಿರಾಕಿಯನ್ನು ಒಂದು ಸಲವೂ ಕಣ್ಣಿಂದ ನೋಡದೆ ನೇವಿಯೋ ಅವನ ಜನ್ಮ ಜಾಲಾಡುತ್ತಿದ್ದ. ಕೈಯಲ್ಲಿ ಡೆಲ್ಫಿನಾ ಬರೆದುಕೊಟ್ಟ ಅಳತೆ ಚೀಟಿ, ಮೂಗಿನ ತುದಿಯಲ್ಲಿ ಕನ್ನಡಕ.

"ಇದೇನ್ರೀ ಇದು ಅಳತೆ? ಹೊಟ್ಟೆ ನೋಡಿದ್ರೆ ಪೀಪಾಯಿ, ಕಾಲು ನೋಡಿದ್ರೆ ಕೊಕ್ಕರೆ. ಕತ್ತು ಅನ್ನೋದು ಇದೆಯಾ ಈ ಮಹಾನುಭಾವರಿಗೆ, ಇಲ್ಲಾ ತಲೆ ಸೀದಾ ಹೆಗಲ ಮೇಲೇ ಕೂತಿದೆಯಾ?"

"ಇದೆ ಮೇಸ್ತ್ರಿ. ಸ್ವಲ್ಪ ಗಿಡ್ಡ," ಎಂದಳು ಡೆಲ್ಫಿನಾ. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಅವನು ಮಾಡಿಕೊಟ್ಟ ಕಹಿ ಕಾಫಿ ಕುಡಿಯುತ್ತಿದ್ದಳು.

"ಮನುಷ್ಯ ಹೇಗೆ?"

"ಒಳ್ಳೆಯವರು. ಬಾಯಿ ಒಂಚೂರು ಜಾಸ್ತಿ."

"ಬಾಯಿಗೆ ನಾನೇನೂ ಮಾಡಕ್ಕಾಗಲ್ಲ," ಎಂದು ನೇವಿಯೋ ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ. ಡೆಲ್ಫಿನಾ ಕಾಫಿ ಲೋಟದೊಳಗೆ ಮುಖ ಮುಚ್ಚಿಕೊಂಡಳು. ಕ್ರೆಮೋನಾದಲ್ಲಿ ಅಂಥ ಗಿರಾಕಿ ಯಾರೂ ಇರಲಿಲ್ಲ. ಆ ಪೀಪಾಯಿ ಹೊಟ್ಟೆ, ಕೊಕ್ಕರೆ ಕಾಲು, ಗಿಡ್ಡ ಕತ್ತು ಎಲ್ಲವೂ ಎದುರಿಗೆ ನಿಂತು ಮೂಗು ಮುರಿಯುತ್ತಿದ್ದ ನೇವಿಯೋನದೇ.

ಬ್ರೆಶಾದ ಮೇಲಿನ ಕಣಿವೆಯಲ್ಲಿ, ಹಿಂದೆ ಬಂದೂಕಿನ ನಳಿಗೆ ಕೊರೆಯುತ್ತಿದ್ದ ಒಂದು ಶೆಡ್ಡಿನಲ್ಲಿ ನೇವಿಯೋ ಕವಚ ಮಾಡುತ್ತಿದ್ದ. ಆರುನೂರು ವರ್ಷದ ಹಿಂದೆ ಮಿಲಾನಿನ ಮೇಸ್ತ್ರಿಗಳು ಮಾಡುತ್ತಿದ್ದಂಥದೇ, ಅಡಿಯಿಂದ ಮುಡಿಯವರೆಗೆ ಉಕ್ಕಿನ ಕವಚ. ಎಡಗಡೆಯ ಹೆಗಲತಟ್ಟೆ ದೊಡ್ಡದು, ಏಕೆಂದರೆ ಎದುರಾಳಿಯ ಏಟು ಬೀಳುವುದು ಆ ಕಡೆಗೆ. ಬಲಗಡೆಯದು ಚಿಕ್ಕದು, ಕೈ ಸರಾಗವಾಗಿ ಆಡಬೇಕು. ಹಾಕಿಕೊಳ್ಳುವವರೇನು ರಾಜರಲ್ಲ. ವಾರವಿಡೀ ಬಸ್ಸು ಓಡಿಸುವವರು, ಹಲ್ಲು ಕೀಳುವವರು, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು. ಭಾನುವಾರ ಬಂತೆಂದರೆ ಇಪ್ಪತ್ತೈದು ಕಿಲೋ ಉಕ್ಕು ಹೊತ್ತು, ಬೆವರು ಸುರಿಸಿ, ಸುಳ್ಳು ಯುದ್ಧದಲ್ಲಿ ನಿಜವಾದ ಏಟು ತಿಂದು, ಸಂಜೆ ಎಲ್ಲರೂ ಒಟ್ಟಿಗೆ ಜೋಳದ ಹಿಟ್ಟಿನ ಪೊಲೆಂಟಾ ಉಂಡು ಮನೆಗೆ ಹೋಗುವ ಜನ.

ಡೆಲ್ಫಿನಾ ಹೊಲಿಯುವವಳು. ಅಂಗಿ ಕಾರ್ಖಾನೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಿದ್ದಳು. ಕವಚವನ್ನು ಬರೀ ಮೈ ಮೇಲೆ ಹಾಕಿಕೊಳ್ಳಲು ಆಗುವುದಿಲ್ಲ. ಹತ್ತಿ ತುಂಬಿ ಒತ್ತಾಗಿ ಹೊಲಿದ ಒಳಂಗಿಯೊಂದು ಬೇಕು, ಉಕ್ಕಿನ ಒಂದೊಂದು ತುಂಡೂ ಆ ಒಳಂಗಿಯ ಲಾಡಿಗಳಿಂದಲೇ ನೇತಾಡಬೇಕು. ಹಾಗಾಗಿ ಮೊದಲು ಡೆಲ್ಫಿನಾ ಅಳತೆ ತೆಗೆದು ಒಳಂಗಿ ಹೊಲಿಯುತ್ತಾಳೆ. ಆಮೇಲೆ ನೇವಿಯೋ ಅದನ್ನು ಮರದ ಬೊಂಬೆಗೆ ತೊಡಿಸಿ, ಅದರ ಮೇಲೆ ಕೂರುವ ಹಾಗೆ ತಗಡು ಬಡಿಯುತ್ತಾನೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಅವಳ ಅಳತೆಯ ಮೇಲೆ ಅವನು ಒಂದು ದಿನವೂ ಟೇಪು ಹಿಡಿದವನಲ್ಲ.

ಡೆಲ್ಫಿನಾಗೆ ನೇವಿಯೋ ಮೇಲೆ ಪ್ರೀತಿ ಇತ್ತು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಅದನ್ನು ಗೌರವ, ಸ್ನೇಹ, ಅಭ್ಯಾಸ ಎಂದೆಲ್ಲ ಕರೆದು ತನ್ನನ್ನು ತಾನೇ ಏಮಾರಿಸಿಕೊಳ್ಳುವ ವ್ಯವಧಾನ ಅವಳಿಗಿರಲಿಲ್ಲ. ಅವನ ಹೆಂಡತಿ ಲುಚಿಲ್ಲಾ ಹೋಗಿ ಹನ್ನೊಂದು ವರ್ಷ. ಇವಳು ಮದುವೆಯೇ ಆಗಿರಲಿಲ್ಲ. ಇಬ್ಬರೂ ವಾರಕ್ಕೆ ಮೂರು ಮಧ್ಯಾಹ್ನ ಒಂದೇ ಕಿಟಕಿಯ ಬಳಿ ಕೂತು ಬ್ರೆಡ್ಡು, ಸಲಾಮಿ ತಿಂದು, ಹವಾಮಾನದ ಬಗ್ಗೆ ಜಗಳವಾಡಿ, ಅವರವರ ಪಾಡಿಗೆ ಎದ್ದು ಹೋಗುತ್ತಿದ್ದರು.

ಆ ಅಳತೆ ಚೀಟಿ ಬರುವುದಕ್ಕೆ ಮೊದಲು, ಜೂನಿನಲ್ಲಿ, ಅವಳು ಒಂದು ಮಾತು ಹೇಳಿದ್ದಳು. "ಮೇಸ್ತ್ರಿ, ಸೆಪ್ಟೆಂಬರಿನ ಮೆರವಣಿಗೆ ಮುಗಿದ ಮೇಲೆ ನಾನು ಟ್ರಿಯೆಸ್ಟೆಗೆ ಹೋಗ್ತೀನಿ. ತಂಗಿ ಇನೆಸ್ ಒಂದು ರೂಮು ಖಾಲಿ ಮಾಡಿಟ್ಟಿದಾಳೆ. ಇಲ್ಲಿ ಒಬ್ಬಳೇ ಇದ್ದು ಏನು ಮಾಡ್ಲಿ?"

ನೇವಿಯೋ ಸುತ್ತಿಗೆ ಕೆಳಗಿಟ್ಟ. ಬಹಳ ಹೊತ್ತು ಯೋಚಿಸಿದ.

"ಟ್ರಿಯೆಸ್ಟೆಲಿ ಗಾಳಿ ಜಾಸ್ತಿ," ಎಂದ. ಮತ್ತೆ ಸುತ್ತಿಗೆ ಎತ್ತಿಕೊಂಡ.

ಅವತ್ತು ಮನೆಗೆ ಹೋಗಿ ಅವಳು ಅವನಿಗೂ ತನಗೂ ಸೇರಿಸಿ ಮನಸಾರೆ ಬೈದುಕೊಂಡಳು. ಬೆಳಗಾಗುವ ಹೊತ್ತಿಗೆ ಅವಳಿಗೆ ಹಳೆಯ ಒಂದು ಮೆರವಣಿಗೆ ನೆನಪಾಯಿತು.

ಪ್ರತಿ ಸೆಪ್ಟೆಂಬರಿನಲ್ಲಿ ಕವಚ ತೊಟ್ಟು ಮೆರವಣಿಗೆ ಹೋಗುವ ಆ ಊರಿನ ಕೂಟದಲ್ಲಿ ಒಂದು ಕಟ್ಟುಪಾಡು ಇದೆ. ಕವಚವನ್ನು ಯಾರೂ ತಾವೇ ಹಾಕಿಕೊಳ್ಳಲಾಗದು; ಬೆನ್ನಿನ ಬಕಲ್ಲು, ಹೆಗಲ ಲಾಡಿ ಇನ್ನೊಬ್ಬರೇ ಕಟ್ಟಬೇಕು. ಆದ್ದರಿಂದ ಮೆರವಣಿಗೆಯ ಪಟ್ಟಿಯಲ್ಲಿ ಪ್ರತಿಯೊಬ್ಬನ ಹೆಸರಿನ ಪಕ್ಕ ಅವನನ್ನು ಕಟ್ಟುವವರ ಹೆಸರೂ ಇರಬೇಕು, ಅವರದೇ ಸಹಿ ಇರಬೇಕು. ಸಹಿ ಒಂದು ವರ್ಷಕ್ಕೆ. ಅಷ್ಟು ದಿನ ಅವನು ಎಲ್ಲಿ ಕವಚ ತೊಟ್ಟರೂ ಕಟ್ಟುವುದು, ಬಿಚ್ಚುವುದು, ಅವನಿಗೆ ಉಸಿರು ಸಿಕ್ಕಿಕೊಂಡರೆ ಯಾವ ಲಾಡಿ ಕತ್ತರಿಸಬೇಕೆಂದು ತಿಳಿದಿರುವುದು ಅವರ ಜವಾಬ್ದಾರಿ. ಸಾಮಾನ್ಯವಾಗಿ ಹೆಂಡತಿಯೋ ಅಣ್ಣನೋ ಮಗಳೋ ಆಗಿರುತ್ತಾರೆ. ಈ ಪಟ್ಟಿಯಿಂದ ಎರಡು ಮದುವೆ ಆಗಿದ್ದವು, ಒಂದು ಮುರಿದಿತ್ತು.

ನೇವಿಯೋ ಊರಿಗೆಲ್ಲ ಕವಚ ಮಾಡಿಕೊಟ್ಟವನು, ಮೆರವಣಿಗೆಯಲ್ಲಿ ಮಾತ್ರ ಒಮ್ಮೆಯೂ ನಡೆದವನಲ್ಲ. ಪ್ರತಿ ವರ್ಷ ಇಕ್ಕಳ, ಮೇಣದ ದಾರ ಜೇಬಿಗೆ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ನಿಲ್ಲುತ್ತಿದ್ದ. ನಾಲ್ಕು ವರ್ಷದ ಹಿಂದೆ ಯಾರೋ ಕೇಳಿದ್ದರು, ನಿನಗೊಂದು ಮಾಡಿಕೊಳ್ಳಬಾರದೇನಯ್ಯಾ ಎಂದು. ಅವನು ಇನ್ನೊಬ್ಬನ ಬೆಲ್ಟು ಬಿಗಿಯುತ್ತಲೇ ನಕ್ಕು, "ಮಾಡ್ಕೋಬಹುದು. ನನ್ನನ್ನ ಕಟ್ಟೋರು ಯಾರು?" ಎಂದಿದ್ದ. ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದ ಡೆಲ್ಫಿನಾ ಆ ಮಾತು ಕೇಳಿಸಿಕೊಂಡಿದ್ದಳು. ನಾನಿದ್ದೀನಲ್ಲ ಎನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ತಮಟೆಗಳು ಶುರುವಾಗಿದ್ದವು.

ಆ ಬೆಳಿಗ್ಗೆ ಅವಳು ಅಳತೆ ಪುಸ್ತಕದ ಹೊಸ ಹಾಳೆ ತೆಗೆದು 'ಶ್ರೀ ತೆದಾಲ್ದಿ, ಕ್ರೆಮೋನಾ' ಎಂದು ಬರೆದಳು. ಅವಳ ಲೆಕ್ಕ ಸರಳವಾಗಿತ್ತು. ಬಾಯಿಬಿಟ್ಟು ಹೇಳಲು ತನ್ನಿಂದಾಗದು, ಕೇಳಲು ಅವನಿಂದಾಗದು. ಇಬ್ಬರಿಗೂ ಬರುವುದು ಕೈಕೆಲಸವೊಂದೇ. ಕವಚ ಮುಗಿಯುವುದರೊಳಗೆ ಅವನಿಗೆ ಅರ್ಥವಾದರೆ ಸರಿ, ಆಗದಿದ್ದರೆ ಟ್ರಿಯೆಸ್ಟೆಯ ರೈಲು ಇದ್ದೇ ಇದೆ.

ಅಳತೆ ಕದ್ದದ್ದು ದೊಡ್ಡ ಸಾಹಸ. ಬಾಗಿಲ ಚೌಕಟ್ಟಿನ ಕ್ಯಾಲೆಂಡರ್ ಮೊಳೆ ಅವನ ಹುಬ್ಬಿನ ಮಟ್ಟಕ್ಕೆ ಬರುತ್ತಿತ್ತು, ಎತ್ತರ ಹಾಗೆ ಸಿಕ್ಕಿತು. ಎದೆಯ ಸುತ್ತಳತೆ ಕುರ್ಚಿಗೆ ನೇತುಹಾಕಿದ್ದ ಕೋಟಿನಿಂದ, ಅವನು ಬ್ರೆಡ್ಡು ತರಲು ಹೋದಾಗ. ಸೊಂಟ, ಏಪ್ರನ್ನಿನ ದಾರದಲ್ಲಿ ಗಂಟು ಬಿದ್ದು ಬಿದ್ದು ಕಪ್ಪಾಗಿದ್ದ ಜಾಗದಿಂದ. ಕಾಲು, ಹಿತ್ತಲ ಹಗ್ಗದಲ್ಲಿ ಒಣಗುತ್ತಿದ್ದ ಪ್ಯಾಂಟಿನಿಂದ. ಅದನ್ನು ಅಳೆಯುವಾಗ ಪಕ್ಕದ ಮನೆಯ ಮುದುಕಿ ನೋಡಿ ಶಿಲುಬೆ ಗುರುತು ಮಾಡಿಕೊಂಡಿದ್ದಳು. ಬಲಗಡೆಯ ಹೆಗಲಿಗೆ ಮಾತ್ರ ಟೇಪು ಬೇಕಾಗಲಿಲ್ಲ. ನಲವತ್ತು ವರ್ಷ ಸುತ್ತಿಗೆ ಬೀಸಿ ಅದು ಎಡಗಡೆಯದಕ್ಕಿಂತ ಎರಡು ಬೆರಳು ಇಳಿದುಹೋಗಿತ್ತು. ಸಂತೆಯಲ್ಲಿ ನೂರು ಜನರ ಮಧ್ಯೆ ಬೆನ್ನು ತಿರುಗಿಸಿ ಹೋಗುತ್ತಿದ್ದರೂ ಆ ಹೆಗಲಿನಿಂದಲೇ ಡೆಲ್ಫಿನಾ ಅವನನ್ನು ಗುರುತು ಹಿಡಿಯುತ್ತಿದ್ದಳು.

ಆಗಸ್ಟಿನ ರಜೆ ಕಳೆದ ಮೇಲೆ ಅವಳು ಕೆಲಸ ಎಲ್ಲಿಗೆ ಬಂತೆಂದು ನೋಡಲು ಹೋದಳು. ಮರದ ಬೊಂಬೆಯ ಮೇಲೆ ಅವಳ ಒಳಂಗಿ ನಿಂತಿತ್ತು. ಎರಡು ಹೆಗಲೂ ಗೆರೆ ಎಳೆದ ಹಾಗೆ ಸಮ.

ಡೆಲ್ಫಿನಾ ಒಳಂಗಿಯ ಕತ್ತಿನೊಳಗೆ ಕೈ ಹಾಕಿ ನೋಡಿದಳು. ಬಲಗಡೆಯ ಹೆಗಲೊಳಗೆ ಒಂದು ಹಳೇ ಟವೆಲ್ಲನ್ನು ಸುರುಳಿ ಸುತ್ತಿ ತುರುಕಲಾಗಿತ್ತು.

"ಯಾರು ತುರುಕಿದ್ದು ಇದನ್ನ?"

"ನಾನೇ," ಎಂದ ನೇವಿಯೋ ತಗಡು ಬಡಿಯುವ ಅಡಿಗಲ್ಲಿನ ಹತ್ತಿರದಿಂದ. "ಹೆಗಲು ಜೋತುಬಿದ್ದಿತ್ತು. ಸರಿಮಾಡಿದೆ."

"ಜೋತುಬಿದ್ದಿಲ್ಲ. ನಾನು ಹೊಲಿದಿದ್ದೇ ಹಾಗೆ."

"ಎರಡು ಬೆರಳು! ಒಂದು ಹೆಗಲು ಮಹಡೀಲಿ, ಒಂದು ನೆಲಮಾಳಿಗೇಲಿ! ಅಂಥ ಮನುಷ್ಯ ಇರಲ್ಲ ಡೆಲ್ಫಿನಾ ಅವ್ರೇ. ಮುನ್ನೂರು ಮೈ ನೋಡಿದೀನಿ ನಾನು."

"ಇದು ಮುನ್ನೂರ ಒಂದನೇದು. ಟವೆಲ್ ತೆಗೀರಿ."

"ಕೋಪ ಮಾಡ್ಕೋಬೇಡಿ." ಅವನು ದನಿ ತಗ್ಗಿಸಿದ. ತಗ್ಗಿಸಿದ್ದೇ ಕೆಟ್ಟದ್ದಾಯಿತು. "ಮಾರ್ಚಿನಲ್ಲಿ ನಿಮ್ಮ ಕಣ್ಣಿನ ಆಪರೇಷನ್ ಆಯ್ತು. ಟೇಪಿನ ಅಂಕಿ ಒಂದು ಆ ಕಡೆ ಈ ಕಡೆ ಆಗೋದು ಸಹಜ. ಯಾರಿಗೂ ಹೇಳಲ್ಲ ನಾನು."

ಡೆಲ್ಫಿನಾಳ ಕಿವಿ ಬಿಸಿಯಾಯಿತು. ಪ್ರೀತಿಯನ್ನು ಗಮನಿಸಲಿಲ್ಲ ಎಂದರೆ ಅವಳು ಹದಿನಾಲ್ಕು ವರ್ಷ ತಡೆದುಕೊಂಡವಳು. ಅಳತೆ ತಪ್ಪು ಎಂದದ್ದನ್ನು ಹದಿನಾಲ್ಕು ಕ್ಷಣವೂ ತಡೆದುಕೊಳ್ಳಲಾಗಲಿಲ್ಲ. ಆ ಹೆಗಲು ನಿಮ್ಮದೇ ಕಣ್ರೀ ಪುಣ್ಯಾತ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು, ಅದೂ ಸಿಟ್ಟಿನಲ್ಲಿ. ಅವಳು ಟವೆಲ್ಲನ್ನು ಇದ್ದಲ್ಲೇ ಬಿಟ್ಟು ಕೈ ಹೊರಗೆಳೆದುಕೊಂಡಳು.

"ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ," ಎಂದು ಹೊರಟೇಬಿಟ್ಟಳು. ಬಸ್‌ಸ್ಟಾಪಿನಲ್ಲಿ ನಿಂತು ಒಂದು ಬಸ್ಸು ಹೋಗುವಷ್ಟು ಹೊತ್ತು ಅತ್ತಳು, ಮುಂದಿನದಕ್ಕೆ ಹತ್ತಿದಳು.

ಆಮೇಲೆ ಒಂದು ತಿಂಗಳು ಅವಳು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ನೇವಿಯೋ ಎರಡು ಸಲ ಫೋನು ಮಾಡಿದ. ಮೊದಲನೇ ಸಲ ಲಾಡಿ ಎಷ್ಟು ಉದ್ದ ಬೇಕು ಎಂದು ಕೇಳಿದ, ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಎರಡನೇ ಸಲ, "ಸಾಮಾನು ಕಟ್ತಿದೀರಾ?" ಎಂದ. "ಹೂಂ," ಎಂದಳು. "ಹ್ಞೂಂ," ಎಂದ.

ಮೆರವಣಿಗೆಯ ಹಿಂದಿನ ದಿನ, ಶನಿವಾರ, ಕ್ರೆಮೋನಾದವರು ಕವಚ ತೊಟ್ಟು ನೋಡಲು ಬರುತ್ತಾರೆಂದು ಮೊದಲೇ ಮಾತಾಗಿತ್ತು. ಡೆಲ್ಫಿನಾ ಹೋದಳು. ಕಿಟಕಿಯ ಬೆಳಕಿನಲ್ಲಿ ಕವಚ ನಿಂತಿತ್ತು. ಅವನು ಮಾಡಿದ್ದರಲ್ಲೆಲ್ಲ ಚೆಂದದ್ದು ಅದೇ ಎಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಎದೆಯ ಮೇಲೆ ಒಂದೇ ಒಂದು ಹೂವಿಲ್ಲ, ಬಳ್ಳಿಯಿಲ್ಲ, ಬರೀ ತಗಡಿನ ನಯವಾದ ಉಬ್ಬು. ತನಗೆ ಬೇಡವಾದ ಗಿರಾಕಿಗೂ ಇಷ್ಟು ಮನಸ್ಸಿಟ್ಟು ಮಾಡುವ ಮನುಷ್ಯ ಇವನು ಎಂದುಕೊಂಡಾಗ ಅವಳ ಸಿಟ್ಟು ಅರ್ಧ ಇಳಿಯಿತು.

ಹನ್ನೆರಡಕ್ಕೆ ಕೂಟದ ಕಾರ್ಯದರ್ಶಿ ಎರ್ಮೆಸ್ ಬಂದ. ಔಷಧಿ ಅಂಗಡಿ ಇಟ್ಟಿದ್ದವನು. ಮಾತ್ರೆ ಎಣಿಸುವ ಶಿಸ್ತಿನಲ್ಲೇ ಮನುಷ್ಯರನ್ನೂ ಎಣಿಸುತ್ತಿದ್ದ. "ತೆದಾಲ್ದಿ ಅವರೂ ನಾಳೆ ನಡೀತಾರಾ? ಕಟ್ಟೋರು ಯಾರು? ಸಂಜೆ ಆರಕ್ಕೆ ಪಟ್ಟಿ ಮುಚ್ತೀನಿ. ಆಮೇಲೆ ಪೋಪ್ ಬಂದು ಕೇಳಿದ್ರೂ ಸೇರಿಸಲ್ಲ," ಎಂದು ಹೇಳಿ ಹೋದ.

ಎರಡಾಯಿತು. ಮೂರಾಯಿತು. ಕ್ರೆಮೋನಾದಿಂದ ಯಾರೂ ಬರಲಿಲ್ಲ.

"ಕೈಕೊಟ್ಟರು ನಿಮ್ಮ ಸಾಹೇಬರು," ಎಂದ ನೇವಿಯೋ. ಅವನ ಮುಖದಲ್ಲಿ ನಿಜವಾದ ಬೇಸರ ಇತ್ತು.

ಡೆಲ್ಫಿನಾ ಸ್ಟೂಲಿನಿಂದ ಎದ್ದಳು. "ನೀವು ಹಾಕ್ಕೊಳ್ಳಿ. ನಿಮಗೂ ಅವರಿಗೂ ಹೆಚ್ಚು ಕಮ್ಮಿ ಒಂದೇ ಮೈ. ಹೊರಡೋ ಮುಂಚೆ ಒಂದು ಸಲ ಮನುಷ್ಯನ ಮೇಲೆ ನೋಡ್ಬೇಕು ನಾನು ಇದನ್ನ."

"ನಾನಾ? ಆ ಪೀಪಾಯಿಗೂ ನನಗೂ—" ಎಂದವನು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. "ಯಾರು ಕಟ್ತಾರೆ?"

"ನಾನು ಕಟ್ತೀನಿ."

ಅವನು ಒಳಗೆ ಹೋಗಿ ಒಳಂಗಿ ತೊಟ್ಟುಕೊಂಡು ಬಂದ. ಕೈ ಎತ್ತಿದ, ಇಳಿಸಿದ, ಬಗ್ಗಿದ, ಎದ್ದ. ಎಲ್ಲೂ ಎಳೆಯಲಿಲ್ಲ, ಎಲ್ಲೂ ಸುಕ್ಕುಗಟ್ಟಲಿಲ್ಲ. ಏನೋ ಕೇಳಲು ಹೊರಟವನನ್ನು ಡೆಲ್ಫಿನಾ, "ಅಲುಗಾಡಬೇಡಿ," ಎಂದು ನಿಲ್ಲಿಸಿದಳು.

ಅವಳು ಮೊದಲು ಕಾಲಿನ ತಟ್ಟೆ ಕಟ್ಟಿದಳು, ಆಮೇಲೆ ಎದೆ, ಬೆನ್ನು, ಆಮೇಲೆ ತೋಳು. ಒಂದೊಂದು ಲಾಡಿಯನ್ನೂ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಹದಿನಾಲ್ಕು ವರ್ಷದಲ್ಲಿ ಅವರಿಬ್ಬರ ಕೈ ಕಾಫಿ ಲೋಟ ಕೊಟ್ಟು ತೆಗೆದುಕೊಳ್ಳುವಾಗ ಬಿಟ್ಟರೆ ತಗುಲಿದ್ದಿಲ್ಲ. ಎಡಗಡೆಯ ಹೆಗಲತಟ್ಟೆ ಸುಖವಾಗಿ ಕೂತಿತು. ಬಲಗಡೆಯದನ್ನು ಇಟ್ಟು ಅವಳು ಹಿಂದೆ ಸರಿದಳು.

ನೇವಿಯೋ ಸುತ್ತಿಗೆ ಎತ್ತುವ ಹಾಗೆ ಬಲಗೈ ಎತ್ತಲು ನೋಡಿದ. ಅರ್ಧಕ್ಕೆ ಎತ್ತುವಷ್ಟರಲ್ಲಿ ತಟ್ಟೆಯ ಅಂಚು ಕತ್ತಿಗೆ ಕಚ್ಚಿತು. ಕೆಳಗೆ ಎರಡು ಬೆರಳು ಖಾಲಿ.

"ಒಳಂಗಿ ಸರಿಯಾಗಿದೆ," ಎಂದ ನಿಧಾನಕ್ಕೆ. "ಕವಚ ತಪ್ಪು."

ಅವನು ಕಿಟಕಿಯ ಗಾಜಿನ ಕಡೆ ತಿರುಗಿ ತನ್ನನ್ನು ನೋಡಿಕೊಂಡ.

"ನನ್ನ ಹೆಗಲು ಇಳಿದಿದೆಯಾ?"

"ಬಹಳ ವರ್ಷ ಆಯ್ತು."

"ಯಾರೂ ಹೇಳ್ಲಿಲ್ಲ ನನಗೆ."

"ನಿಮ್ಮ ಹಿಂದೆ ನಿಂತು ನೋಡಿದವರು ಯಾರಿದಾರೆ ಮೇಸ್ತ್ರಿ?"

ನೇವಿಯೋ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಅಳತೆ ಚೀಟಿಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. "ಆ ತೆದಾಲ್ದಿ..."

"ಅಂಥವರು ಯಾರೂ ಇಲ್ಲ."

ಮಾಮೂಲಿ ದಿನವಾಗಿದ್ದರೆ ಅವನು ಕಾಫಿ ಇಡುವ ನೆಪದಲ್ಲಿ ಒಳಗೆ ಓಡಿಹೋಗುತ್ತಿದ್ದ. ಈಗ ಇಪ್ಪತ್ತೈದು ಕಿಲೋ ಉಕ್ಕು ಮೈ ಮೇಲಿತ್ತು, ಬಿಚ್ಚಬಲ್ಲವಳು ಎದುರಿಗೆ ನಿಂತಿದ್ದಳು. ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

"ಹೊಟ್ಟೆ ಪೀಪಾಯಿ ಅಂದೆ," ಎಂದ.

"ಅಂದ್ರಿ."

"ಕಾಲು ಕೊಕ್ಕರೆ ಅಂದೆ."

"ಅದನ್ನೂ ಅಂದ್ರಿ."

"ನೀವು ಅವರನ್ನ ಒಳ್ಳೆಯವರು ಅಂದ್ರಿ."

"ಬಾಯಿ ಜಾಸ್ತಿ ಅಂತಲೂ ಅಂದೆ," ಎಂದಳು ಡೆಲ್ಫಿನಾ. ನಗಲು ಹೋದಳು, ಆಗಲಿಲ್ಲ. ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. "ಕಟ್ಟೋರು ಯಾರು ಅಂತ ಕೇಳಿದ್ರಲ್ಲ ನಾಲ್ಕು ವರ್ಷದ ಹಿಂದೆ, ಮೆರವಣಿಗೆ ದಿನ. ನಾನಿದ್ದೆ ಮೇಸ್ತ್ರಿ. ಮೆಟ್ಟಿಲ ಮೇಲೇ ಕೂತಿದ್ದೆ. ಬುಧವಾರ ಹೊರಡ್ತೀನಿ. ಅಷ್ಟರೊಳಗೆ ನಿಮಗೆ ಗೊತ್ತಾಗ್ಲಿ ಅನ್ನಿಸ್ತು, ಅಷ್ಟೇ."

ನೇವಿಯೋ ಕೆಲಸದ ಮೇಜಿನ ಕಡೆ ಗದ್ದ ತೋರಿಸಿದ. "ಆ ಟವೆಲ್ ಕೊಡಿ."

ಒಳಂಗಿಯಿಂದ ಹೊರಬಂದ ಟವೆಲ್ ಸುರುಳಿ ಅಲ್ಲೇ ಬಿದ್ದಿತ್ತು. ಅವಳು ತಂದಳು. ಅವನು ಹೇಳಿದ ಹಾಗೆ ಅದನ್ನು ಕತ್ತಿಗೂ ತಟ್ಟೆಗೂ ನಡುವೆ ಸಿಕ್ಕಿಸಿದಳು. ಕಚ್ಚುವುದು ನಿಂತಿತು.

"ನಾಳೆ ಇದನ್ನ ಇಟ್ಕೊಂಡೇ ನಡೀತೀನಿ," ಎಂದ. "ಆಮೇಲೆ ಹೆಗಲನ್ನ ಹೊಸದಾಗಿ ಬಡೀಬೇಕು. ನಿಮ್ಮ ಅಳತೆಗೆ ಸರಿಯಾಗಿ. ಚಳಿಗಾಲ ಪೂರ್ತಿ ಬೇಕಾಗುತ್ತೆ. ಪದೇ ಪದೇ ತೊಟ್ಟು ನೋಡ್ಬೇಕು, ನೀವಿಲ್ಲದೆ ಆಗಲ್ಲ."

"ಒಂದು ಹೆಗಲಿಗೆ ಒಂದು ಚಳಿಗಾಲವಾ?"

ಅವನು ಅವಳನ್ನೇ ನೋಡುತ್ತ ನಿಂತ. ಕಿವಿಯವರೆಗೂ ಕೆಂಪಾಗಿದ್ದ. "ಇಲ್ಲ. ಒಂದು ವಾರ ಸಾಕು. ಸುಳ್ಳು ಹೇಳಿದೆ. ಹೋಗಬೇಡಿ ಡೆಲ್ಫಿನಾ. ಜೂನಿನಲ್ಲೂ ಅದನ್ನೇ ಹೇಳಿದ್ದೆ."

"ಜೂನಿನಲ್ಲಿ ಗಾಳಿ ಜಾಸ್ತಿ ಅಂದಿದ್ರಿ!"

"ಅದೇ. ನನಗೆ ಬಾಯಿಗೆ ಬಂದಿದ್ದು ಅಷ್ಟು."

ಡೆಲ್ಫಿನಾ ಅವನ ಉಕ್ಕಿನ ಎದೆಗೆ ಅಂಗೈಯಿಂದ ಒಂದು ಏಟು ಕೊಟ್ಟಳು. ಅವನಿಗೆ ಏನೂ ತಗುಲಲಿಲ್ಲ, ಇವಳ ಕೈಗೇ ನೋವಾಯಿತು. ಆ ಕೈಯನ್ನು ಅವನು ಹಿಡಿದುಕೊಂಡ.

ಗಡಿಯಾರ ಆರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಬಿಚ್ಚಲು ಸಮಯವಿರಲಿಲ್ಲ. ಇಬ್ಬರೂ ಹಾಗೇ ಬೀದಿಗಿಳಿದರು, ಅವನು ಝಣಝಣ ಎನ್ನುತ್ತ ಮುಂದೆ, ಅವಳು ಮೂರು ಹೆಜ್ಜೆ ಹಿಂದೆ. ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿಗೆ ನಿಂತಿದ್ದವರು ದಾರಿ ಬಿಟ್ಟರು. ಎರ್ಮೆಸ್ ಕನ್ನಡಕ ಸರಿಮಾಡಿಕೊಂಡ.

"ತೆದಾಲ್ದಿ?"

"ಹೊಡೆದುಹಾಕು ಅದನ್ನ. ನನ್ನ ಹೆಸರು ಬರಿ."

"ಕಟ್ಟೋರು?" ಎರ್ಮೆಸ್ ಇಬ್ಬರನ್ನೂ ನೋಡಿದ. "ಡೆಲ್ಫಿನಾ ಅವ್ರೇ, ನೀವು ಬುಧವಾರ ಹೊರಡ್ತಿದೀರಿ ಅಂತ ಕೇಳಿದೆ. ಸಹಿ ಒಂದು ವರ್ಷಕ್ಕೆ. ಮಧ್ಯದಲ್ಲಿ ಬದಲಾಯಿಸೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು. ಪೆನ್ನು ಕೊಡಿ."

ಅವಳು ಸಹಿ ಮಾಡಿದಳು. ಅಳತೆ ಪುಸ್ತಕದಲ್ಲಿ ಬರೆಯುವ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಳು. ಅಲ್ಲಿಂದಲೇ ಇನೆಸ್‌ಗೆ ಫೋನು ಮಾಡಿ, ಬುಧವಾರ ಸ್ಟೇಷನ್ನಿಗೆ ಬರಬೇಡ, ನಾನು ಬರುವುದಿಲ್ಲ ಎಂದಳು.

"ಬರಲ್ವಾ? ರೂಮಿಗೆ ಸುಣ್ಣ ಹೊಡೆಸಿದೀನಿ ಕಣೇ! ಏನಾಯ್ತು ಈಗ?"

ಡೆಲ್ಫಿನಾ ತಿರುಗಿ ನೋಡಿದಳು. ನೇವಿಯೋ ಔಷಧಿ ಅಂಗಡಿಯ ಮಧ್ಯೆ, ಕತ್ತಿನಲ್ಲಿ ಟವೆಲ್ ಸಿಕ್ಕಿಸಿಕೊಂಡು, ಕೂರಲಾಗದೆ, ತನ್ನನ್ನು ಬಿಚ್ಚುವವಳಿಗಾಗಿ ಕಾಯುತ್ತ ನಿಂತಿದ್ದ.

"ಏನಿಲ್ಲ ಕಣೇ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಅಲ್ಲಿ ಗಾಳಿ ಜಾಸ್ತಿಯಂತೆ."